ಆ ಮಗು ಸ್ಟೆಮ್‌ಸೆಲ್‌ನಿಂದ ಹುಟ್ಟಿದ್ದಲ್ಲ: ಅಂಡಾಣುವಿನ ಸುತ್ತ ಇರುವ ಕೋಶಗಳ ಕೆಲಸ ಏನು?

ಎರಡು ಸುದ್ದಿಗಳು ಒಂದರೊಳಗೊಂದು ಕಲಸಿಹೋಗಿವೆ. ಮೊದಲನೆಯದು 2024ರ ಡಿಸೆಂಬರ್‌ನದು. ಅಮೆರಿಕದ ಗೆಮೆಟೊ ಎಂಬ ಕಂಪನಿಯ ಸ್ಟೆಮ್‌ಸೆಲ್ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ತಂತ್ರ ಬಳಸಿ ಪೆರು ದೇಶದ ಲಿಮಾದಲ್ಲಿ ಮಗು ಹುಟ್ಟಿತು ಅನ್ನುವ ಸುದ್ದಿ. ಎರಡನೆಯದು 2025ರ ಸೆಪ್ಟೆಂಬರ್ ಕೊನೆಯದು. ಅಮೆರಿಕದ ಒರೆಗಾನ್‌ನಲ್ಲಿ ವಿಜ್ಞಾನಿಗಳು ಮನುಷ್ಯರ ಚರ್ಮದ ಕೋಶದಿಂದ ಅಂಡಾಣು ತಯಾರಿಸಿದರು ಅನ್ನುವುದು. ಇವೆರಡೂ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಾ ಹಾರುತ್ತಾ ‘ಚರ್ಮದಿಂದ ಮಗು ಹುಟ್ಟಿತಂತೆ’ ಆಗಿಬಿಡುತ್ತದೆ. ಇನ್ನು ಕೋಲಾರ, ಚಿಕ್ಕಬಳ್ಳಾಪುರ ಕಡೆ ಇದರ ಪಕ್ಕದಲ್ಲೇ ಹಸುವಿನ ಐವಿಎಫ್, ಹೆಣ್ಣು ಕರುವೇ ಹುಟ್ಟುವ ವೀರ್ಯ, ಬಾಡಿಗೆ ತಾಯಿ ಹಸು ಅನ್ನುವ ಮಾತೂ ಓಡಾಡುತ್ತಿರುತ್ತದೆ. ಯಾವುದು ಯಾವುದಕ್ಕೆ ಸಂಬಂಧ?

ಒರೆಗಾನ್‌ನದ್ದನ್ನು ಬೇಗ ಮುಗಿಸಿಬಿಡೋಣ. ಅಲ್ಲಿ ಚರ್ಮದ ಕೋಶದ ನ್ಯೂಕ್ಲಿಯಸ್ (ಡಿಎನ್‌ಎ ಇರುವ ಕೇಂದ್ರ ಭಾಗ) ತೆಗೆದು, ತನ್ನ ನ್ಯೂಕ್ಲಿಯಸ್ ಕಳೆದುಕೊಂಡ ದಾನಿ ಅಂಡಾಣುವಿನೊಳಗೆ ಇಟ್ಟರು. ಹೀಗೆ 82 ಅಂಡಾಣು ಆದವು. ಅವುಗಳಿಗೆ ವೀರ್ಯಾಣು ಸೇರಿಸಿದ ಮೇಲೆ ಆರನೇ ದಿನದ ಭ್ರೂಣದವರೆಗೆ ಬಂದದ್ದು ಸುಮಾರು 9% ಮಾತ್ರ, ಅವುಗಳ ಕ್ರೋಮೋಸೋಮು ಲೆಕ್ಕವೂ ತಪ್ಪಿತ್ತು. ಅಲ್ಲಿಗೆ ನಿಲ್ಲಿಸಿದರು. ಮಗು ಗಿಗು ಏನೂ ಹುಟ್ಟಿಲ್ಲ.

ಲಿಮಾದಲ್ಲಿ ಮಗು ನಿಜವಾಗಿಯೂ ಹುಟ್ಟಿತು. ಆದರೆ ಅಲ್ಲಿ ಸ್ಟೆಮ್‌ಸೆಲ್‌ನಿಂದ ಮಾಡಿದ್ದು ಅಂಡಾಣುವನ್ನಲ್ಲ. ಅಂಡಾಣು ತಾಯಿಯದ್ದೇ. ಸ್ಟೆಮ್‌ಸೆಲ್‌ನಿಂದ ಮಾಡಿದ್ದು ಅದರ ಸುತ್ತ ಇರಬೇಕಾದ ಸಹಾಯಕ ಕೋಶಗಳನ್ನು. ಇಲ್ಲೇ ಗೊಂದಲ ಶುರುವಾಗುವುದು. ಯಾಕೆಂದರೆ ದೊಡ್ಡ ದೊಡ್ಡ ಐವಿಎಫ್ ಕೇಂದ್ರಗಳಲ್ಲಿ ಅದೇ ಕೋಶಗಳನ್ನು ದಿನಾ ತೊಳೆದು ಚೆಲ್ಲುತ್ತಾರೆ. ಒಬ್ಬರು ಚೆಲ್ಲುವುದನ್ನು ಇನ್ನೊಬ್ಬರು ಕೋಟಿ ಸುರಿದು ಯಾಕೆ ಬೆಳೆಸುತ್ತಾರೆ?

ಅಂಡಾಣು ಒಂಟಿ ಅಲ್ಲ

ಮಕ್ಕಳಾಗಲಿಲ್ಲ ಎಂದು ಡಾಕ್ಟರ ಹತ್ತಿರ ಹೋದವರಿಗೆ ‘ಫಾಲಿಕಲ್ ಸ್ಟಡಿ’ ಸ್ಕ್ಯಾನ್ ಗೊತ್ತೇ ಇರುತ್ತದೆ. ಪರದೆಯ ಮೇಲೆ ಕಪ್ಪಗೆ ಗುಂಡಗೆ ಕಾಣುವ ನೀರುಗುಳ್ಳೆಯೇ ಫಾಲಿಕಲ್. ‘ಎಗ್ 18 ಎಂಎಂ ಆಗಿದೆ’ ಅನ್ನುತ್ತೇವಲ್ಲ, ಅದು ಎಗ್ ಅಳತೆ ಅಲ್ಲ, ಗುಳ್ಳೆಯ ಅಳತೆ. ಅಂಡಾಣು ಇರುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ.

ಆ ಅಂಡಾಣುವಿಗೆ ಮೊದಲು ಗಾಜಿನಂಥ ಒಂದು ಸಿಪ್ಪೆ ಇದೆ, ಹೆಸರು ಝೋನಾ. ಅದರ ಹೊರಗೆ ಸಾವಿರಾರು ಪುಟ್ಟ ಕೋಶಗಳು ಒತ್ತಾಗಿ ಮುತ್ತಿಕೊಂಡಿರುತ್ತವೆ. ಇವೇ ಕ್ಯುಮುಲಸ್ ಕೋಶಗಳು. ಕ್ಯುಮುಲಸ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ ಗುಡ್ಡೆ. ಹತ್ತಿ ಗುಡ್ಡೆ ಹಾಕಿದ ಹಾಗೆ ಕಾಣುವ ಬಿಳಿ ಮೋಡಕ್ಕೂ ಇದೇ ಹೆಸರು.

ಈ ಕೋಶಗಳು ಸುಮ್ನೆ ಪಕ್ಕದಲ್ಲಿ ಕೂತಿರುವುದಿಲ್ಲ. ಸಿಪ್ಪೆಯನ್ನು ತೂರಿಕೊಂಡು ಎಳೆಗಳನ್ನು ಒಳಗೆ ಚಾಚಿರುತ್ತವೆ. ಎಳೆಯ ತುದಿ ಅಂಡಾಣುವಿಗೆ ತಾಕುವ ಕಡೆ ಅತಿ ಸಣ್ಣ ಕೊಳವೆಗಳಿವೆ. ಅವುಗಳ ಮೂಲಕ ಚಿಕ್ಕ ಚಿಕ್ಕ ರಾಸಾಯನಿಕಗಳು ಅಂಡಾಣುವಿನೊಳಗೆ ಹೋಗುತ್ತವೆ.

ಊಟವೂ ಇವರದ್ದೇ, ಜೋಗುಳವೂ ಇವರದ್ದೇ

ಮೊದಲನೇ ಕೆಲಸ ಊಟ. ಅಂಡಾಣುವಿಗೆ ಸಕ್ಕರೆಯನ್ನು ನೇರವಾಗಿ ಅರಗಿಸಿಕೊಳ್ಳುವ ಶಕ್ತಿ ತುಂಬಾ ಕಮ್ಮಿ. ಸುತ್ತಲಿನ ಕೋಶಗಳು ಗ್ಲೂಕೋಸ್ ಒಡೆದು ಪೈರುವೇಟ್ ಮಾಡಿ ಕೊಡುತ್ತವೆ. ಗಟ್ಟಿ ಮುದ್ದೆ ನುಂಗಲಾಗದ ಮಗುವಿಗೆ ರಾಗಿ ಸರಿ ಕಾಯಿಸಿ ಕೊಡುವ ಹಾಗೆ. ಅಂಡಾಣು ತಾನೇ ಮಾಡಿಕೊಳ್ಳಲಾಗದ ಕೊಲೆಸ್ಟರಾಲ್, ತಾನೇ ಒಳಗೆಳೆದುಕೊಳ್ಳಲಾಗದ ಕೆಲವು ಅಮೈನೋ ಆಮ್ಲ, ಎಲ್ಲಾ ಈ ದಾರಿಯಲ್ಲೇ ಬರಬೇಕು.

ಎರಡನೇ ಕೆಲಸ ತಡೆದು ನಿಲ್ಲಿಸುವುದು. ಹೆಣ್ಣು ಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳು ತಯಾರಾಗಿ, ಕೋಶ ವಿಭಜನೆಯ ನಡುವೆಯೇ ನಿಂತುಬಿಡುತ್ತವೆ. ಕೆಲವು ಹದಿನೈದು ವರ್ಷ, ಕೆಲವು ನಲವತ್ತು ವರ್ಷ ಹಾಗೇ ಇರುತ್ತವೆ. ಬೆಳೆದ ಫಾಲಿಕಲ್ಲಿನಲ್ಲಿ ಅದು ಅವಸರಪಟ್ಟು ಏಳದಂತೆ ನೋಡಿಕೊಳ್ಳುವುದು ಸುತ್ತಲಿನ ಕೋಶಗಳೇ. ಅವು ಕೊಳವೆಯ ಮೂಲಕ ಸಿಜಿಎಂಪಿ ಎಂಬ ರಾಸಾಯನಿಕ ಕಳಿಸುತ್ತಲೇ ಇರುತ್ತವೆ. ಅದು ಬರುತ್ತಿರುವ ತನಕ ಅಂಡಾಣು ಮಲಗಿರುತ್ತದೆ. ತಿಂಗಳ ನಡುವೆ ಮೆದುಳಿನ ಕೆಳಗಿನ ಗ್ರಂಥಿಯಿಂದ ಎಲ್‌ಎಚ್ ಹಾರ್ಮೋನು ಒಮ್ಮೆಲೇ ನುಗ್ಗಿದಾಗ ಸಿಜಿಎಂಪಿ ನಿಲ್ಲುತ್ತದೆ, ಅಂಡಾಣು ಎದ್ದು ಬಾಕಿ ವಿಭಜನೆ ಮುಗಿಸುತ್ತದೆ.

1935ರಲ್ಲೇ ಪಿಂಕಸ್ ಮತ್ತು ಎನ್ಜ್‌ಮನ್ ಎಂಬ ವಿಜ್ಞಾನಿಗಳು ಮೊಲದಲ್ಲಿ ಒಂದು ವಿಚಿತ್ರ ಕಂಡಿದ್ದರು. ಅಂಡಾಣುವನ್ನು ಫಾಲಿಕಲ್ಲಿನಿಂದ ಹೊರಗೆ ತೆಗೆದಿಟ್ಟರೆ ಸಾಕು, ಹಾರ್ಮೋನು ಇಲ್ಲದೆಯೂ ಅದು ತಾನಾಗಿ ಎದ್ದುಬಿಡುತ್ತದೆ. ಅಂದರೆ ಎಬ್ಬಿಸುವವರು ಬೇಕಾಗಿಲ್ಲ, ಮಲಗಿಸುವವರು ಇಲ್ಲದಿದ್ದರೆ ಸಾಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಲಿಮಾದ ಮಗುವಿಗೆ ಇದೇ ಬೇಕಾಗುತ್ತದೆ.

ಮಾತುಕತೆ ಒಂದೇ ಕಡೆಯಿಂದ ಅಲ್ಲ. ಅಂಡಾಣುವೂ ಜಿಡಿಎಫ್9, ಬಿಎಂಪಿ15 ಎಂಬ ಪ್ರೋಟೀನು ಹೊರಗೆ ಬಿಟ್ಟು ತನ್ನ ಸುತ್ತಲಿನವರು ಹೇಗೆ ಬೆಳೆಯಬೇಕು ಎಂದು ಹೇಳುತ್ತಿರುತ್ತದೆ. ಈ ಮಾತಿನಲ್ಲಿ ಸ್ವಲ್ಪ ಏರುಪೇರಾದರೂ ಫಲ ಕಣ್ಣಿಗೇ ಕಾಣುತ್ತದೆ. ಶಿರಾ, ಪಾವಗಡ ಕಡೆ ಕುರಿ ಸಾಕುವವರು ಅವಳಿ ಮರಿ ಹಾಕುವ ನಾರಿ ಸುವರ್ಣ ತಳಿಯ ಬಗ್ಗೆ ಕೇಳಿರಬಹುದು. ಮಹಾರಾಷ್ಟ್ರದ ಫಲ್ಟಣ್‌ನಲ್ಲಿ ಬೆಳೆಸಿದ್ದು. ಬಂಗಾಳದ ಗಾರೋಲ್ ಕುರಿಯಿಂದ ಬಂದ ಅದರ ಅವಳಿ ಜೀನ್ ಇರುವುದು ಈ ಬಿಎಂಪಿ ಮಾತನ್ನು ಕೇಳಿಸಿಕೊಳ್ಳುವ ಕಿವಿಯಲ್ಲೇ. ಕಿವಿ ಸ್ವಲ್ಪ ಬದಲಾಯಿತು, ಒಂದು ಅಂಡಾಣು ಬಿಡುವ ಕಡೆ ಎರಡು ಬಿಡುವಂತಾಯಿತು.

ಕಾಮಕಸ್ತೂರಿ ಬೀಜದ ಹಾಗೆ

ಅಂಡಾಣು ಏಳುವ ಹೊತ್ತಿಗೇ ಸುತ್ತಲಿನ ಕೋಶಗಳೂ ಬದಲಾಗುತ್ತವೆ. ಅಲ್ಲಿಯವರೆಗೆ ಒತ್ತಾಗಿದ್ದವು ಈಗ ಹಯಲುರಾನಿಕ್ ಆಸಿಡ್ ಸುರಿಸಲು ಶುರುಮಾಡುತ್ತವೆ. ಮುಖಕ್ಕೆ ಹಚ್ಚುವ ಸೀರಮ್ ಬಾಟಲಿಯ ಮೇಲೆ ಬರೆದಿರುತ್ತಾರಲ್ಲ, ಅದೇ. ಅದು ನೀರು ಹೀರಿ ಲೋಳೆಯಾಗುತ್ತದೆ. ಫಲೂದಾಗೆ ಹಾಕುವ ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ. ನಡುವೆ ಕರಿ ಚುಕ್ಕೆ, ಸುತ್ತ ಉಬ್ಬಿದ ಪಾರದರ್ಶಕ ಲೋಳೆ. ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ. ಅಂಡಾಣು ತೆಗೆಯುವ ದಿನ ಲ್ಯಾಬಿನವರು ತಟ್ಟೆಯಲ್ಲಿ ಹುಡುಕುವುದೂ ಅಂಡಾಣುವನ್ನಲ್ಲ, ಬರಿಗಣ್ಣಿಗೂ ಕಾಣುವ ಈ ಲೋಳೆ ಹನಿಯನ್ನು.

ಲೋಳೆ ಯಾಕೆ ಬೇಕು? ಅಂಡಾಶಯಕ್ಕೂ ಗರ್ಭಕೋಶದ ಕಡೆ ಸಾಗುವ ಟ್ಯೂಬಿಗೂ ನೇರ ಪೈಪು ಇಲ್ಲ. ಹೊರಗೆ ಬಂದ ಅಂಡಾಣುವನ್ನು ಟ್ಯೂಬಿನ ತುದಿಯಲ್ಲಿರುವ ಕೂದಲಿನಂಥ ಎಳೆಗಳು ಹಿಡಿದು ಒಳಗೆ ಎಳೆದುಕೊಳ್ಳಬೇಕು. ಅವಕ್ಕೆ ಹಿಡಿತ ಸಿಗುವುದು ಅಂಟು ಲೋಳೆಯಲ್ಲಿ. ಬೋಳು ಅಂಡಾಣು ಜಾರಿಹೋಗುತ್ತದೆ. ಹ್ಯಾಮ್‌ಸ್ಟರ್ ಎಂಬ ಇಲಿ ಜಾತಿಯ ಪ್ರಾಣಿಯಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಲೋಳೆಯನ್ನು ಹಿಡಿದಿಡುವ ಪಿಟಿಎಕ್ಸ್3, ಟಿಎಸ್‌ಜಿ6 ಎಂಬ ಪ್ರೋಟೀನುಗಳ ಜೀನನ್ನು ಇಲಿಗಳಲ್ಲಿ ತೆಗೆದುಹಾಕಿದರೆ ಗುಡ್ಡೆ ಚೆಲ್ಲಾಪಿಲ್ಲಿ ಆಗುತ್ತದೆ, ಹೆಣ್ಣಿಲಿಗಳಿಗೆ ಮರಿಯಾಗುವುದು ಕಷ್ಟವಾಗುತ್ತದೆ.

ವೀರ್ಯಾಣುವಿನ ಕಡೆಯಿಂದ ನೋಡಿದರೆ

ಕೋಟಿಗಟ್ಟಲೆ ಹೊರಟ ವೀರ್ಯಾಣುಗಳಲ್ಲಿ ಅಂಡಾಣುವಿನ ಹತ್ತಿರಕ್ಕೆ ಬರುವುದು ಕೆಲವು ನೂರು ಮಾತ್ರ. ಅವುಗಳ ಎದುರಿಗೆ ಈ ಲೋಳೆ ಗುಡ್ಡೆ. ಹಳೆಯ ಪಾಠಗಳಲ್ಲಿ ಇದನ್ನು ಅಡ್ಡಗೋಡೆ ಅಂತಲೇ ಹೇಳುತ್ತಿದ್ದರು. ಈಗ ಆ ನೋಟ ಬದಲಾಗಿದೆ.

ಈ ಕೋಶಗಳು ಪ್ರೊಜೆಸ್ಟರಾನ್ ಹಾರ್ಮೋನು ಬಿಡುತ್ತವೆ. ಮನುಷ್ಯರ ವೀರ್ಯಾಣುವಿನ ಬಾಲದಲ್ಲಿ ಕ್ಯಾಟ್‌ಸ್ಪರ್ ಎಂಬ ಬಾಗಿಲು ಇದೆ. ಪ್ರೊಜೆಸ್ಟರಾನ್ ತಾಗಿದರೆ ಅದು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಬಾಲ ಜೋರಾಗಿ ಬಡಿಯುತ್ತದೆ. 2011ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ತೋರಿಸಿದವು. ಇಲಿಯ ವೀರ್ಯಾಣುವಿನಲ್ಲಿ ಮಾತ್ರ ಹೀಗಾಗುವುದಿಲ್ಲ, ಆದ್ದರಿಂದ ಇಲಿಯಲ್ಲಿ ಕಂಡದ್ದನ್ನೆಲ್ಲಾ ಮನುಷ್ಯರಿಗೆ ಅಂಟಿಸಲು ಬರುವುದಿಲ್ಲ.

ಅದೇ 2011ರಲ್ಲಿ ಇನ್ನೊಂದು ನಂಬಿಕೆ ಅಲುಗಾಡಿತು. ವೀರ್ಯಾಣುವಿನ ತಲೆಯ ಮೇಲೆ ಟೋಪಿಯಂಥ ಒಂದು ಚೀಲ ಇರುತ್ತದೆ. ಅದು ಒಡೆದ ಮೇಲೆಯೇ ಅಂಡಾಣುವಿನೊಳಗೆ ದಾರಿ. ಝೋನಾ ಸಿಪ್ಪೆಗೆ ತಾಗಿದ ಮೇಲೆ ಟೋಪಿ ಒಡೆಯುತ್ತದೆ ಎಂದು ವರ್ಷಗಟ್ಟಲೆ ಕಲಿಸಿದ್ದೆವು. ಜಪಾನಿನಲ್ಲಿ ಇಲಿಯ ವೀರ್ಯಾಣುವಿನ ಟೋಪಿಗೆ ಹಸಿರು ಹೊಳಪು ಕೊಟ್ಟು ವಿಡಿಯೊ ತೆಗೆದು ನೋಡಿದರೆ, ಒಳಗೆ ಹೋಗಿ ಗೆದ್ದ ವೀರ್ಯಾಣುಗಳಲ್ಲಿ ಬಹುಪಾಲು ಸಿಪ್ಪೆ ಮುಟ್ಟುವ ಮೊದಲೇ ಟೋಪಿ ತೆಗೆದಿದ್ದವು. ಅಡ್ಡಗೋಡೆ ಎಂದು ತಿಳಿದಿದ್ದ ಜಾಗವೇ ತಯಾರಿ ನಡೆಯುವ ಜಾಗ ಆಗಿತ್ತು.

ಹಾಗಾದ್ರೆ ಇಕ್ಸಿಯಲ್ಲಿ ಕಿತ್ತು ಬಿಸಾಡುವುದು ಯಾಕೆ?

ಈಗ ಗೊಂದಲದ ಗಂಟಿಗೆ ಬರೋಣ. ಇಕ್ಸಿ ಬಂದದ್ದು 1992ರಲ್ಲಿ, ಬೆಲ್ಜಿಯಂನ ಬ್ರಸೆಲ್ಸ್‌ನಿಂದ. ಒಂದೇ ಒಂದು ವೀರ್ಯಾಣುವನ್ನು ಸೂಜಿಯಲ್ಲಿ ಹಿಡಿದು ಅಂಡಾಣುವಿನೊಳಗೆ ಚುಚ್ಚಿ ಬಿಡುವುದು. ಚುಚ್ಚಬೇಕಾದರೆ ಅಂಡಾಣು ಸರಿಯಾಗಿ ಕಾಣಬೇಕು. ಅದಕ್ಕೆ ಹಯಲುರಾನಿಡೇಸ್ ಎಂಬ ಕಿಣ್ವದಲ್ಲಿ ಅದ್ದಿ, ಸಣ್ಣ ಪಿಪೆಟ್ಟಿನಲ್ಲಿ ಎಳೆದು ಬಿಟ್ಟು ಮಾಡಿ ಸುತ್ತಲಿನ ಕೋಶಗಳನ್ನೆಲ್ಲಾ ಬಿಡಿಸುತ್ತಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕಿ ಗೋಂದು ಸಡಿಲ ಮಾಡುತ್ತಾರಲ್ಲ, ಇಲ್ಲಿ ಲೋಳೆಯ ಗೋಂದನ್ನು ಕಿಣ್ವ ಕರಗಿಸುತ್ತದೆ.

ಹಾಗೆ ಬಿಡಿಸಿದರೂ ಮಕ್ಕಳು ಹುಟ್ಟುತ್ತಾರೆ. ಅದಕ್ಕೇ ‘ಈ ಕೋಶ ಇಲ್ಲದಿದ್ದರೂ ನಡೆಯುತ್ತೆ’ ಅನ್ನುವ ಮಾತು. ಆದರೆ ಬಿಡಿಸುವ ಹೊತ್ತು ಯಾವುದು ನೋಡಿ. ಆ ಹೆಂಗಸು ಹತ್ತು ಹನ್ನೆರಡು ದಿನ ಹಾರ್ಮೋನು ಇಂಜೆಕ್ಷನ್ ತೆಗೆದುಕೊಂಡಿರುತ್ತಾಳೆ. ಅಂಡಾಣು ದೇಹದೊಳಗೇ, ಈ ಕೋಶಗಳ ಆರೈಕೆಯಲ್ಲೇ ಪೂರ್ತಿ ಮಾಗಿರುತ್ತದೆ. ಊಟ ಕೊಟ್ಟಾಯಿತು, ಮಲಗಿಸಿ ಎಬ್ಬಿಸಿಯಾಯಿತು. ಬಾಕಿ ಇರುವುದು ವೀರ್ಯಾಣುವನ್ನು ತಯಾರು ಮಾಡಿ ಒಳಗೆ ಬಿಟ್ಟುಕೊಳ್ಳುವುದು ಒಂದೇ. ಸೂಜಿ ಆ ಕೊನೆಯ ಕೆಲಸವನ್ನು ಮಾತ್ರ ಮಾಡುತ್ತದೆ. ಮನೆ ಕಟ್ಟಿ ಮುಗಿದ ಮೇಲೆ ಸಾರುವೆ ಬಿಚ್ಚುತ್ತೇವೆ, ಸಾರುವೆ ಇಲ್ಲದೆ ಮನೆ ಎದ್ದಿತು ಅನ್ನುವುದಿಲ್ಲ ಅಲ್ವಾ.

ಕಾರ್ಬೈಡ್ ಮಾವು, ಹುಲ್ಲಿನ ಮಾವು

ಮಾಗದ ಅಂಡಾಣುವನ್ನೇ ಹೊರಗೆ ತೆಗೆದರೆ? ಅದಕ್ಕೆ ಐವಿಎಂ ಎನ್ನುತ್ತಾರೆ. ಇಂಜೆಕ್ಷನ್ ತುಂಬಾ ಕಮ್ಮಿ ಸಾಕು ಎನ್ನುವುದು ಇದರ ಆಸೆ. ಪಿಸಿಓಡಿ ಇರುವವರಿಗೆ ಜಾಸ್ತಿ ಹಾರ್ಮೋನು ಕೊಟ್ಟರೆ ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆ ಸೇರುವ ಅಪಾಯ ಇದೆ, ಅದೂ ತಪ್ಪುತ್ತದೆ. ಐವಿಎಂನ ಮೊದಲ ಮಗುವಿನ ವರದಿ 1991ರಲ್ಲೇ ಕೊರಿಯಾದಿಂದ ಬಂತು. ಆದರೂ ಈ ಪದ್ಧತಿ ಹರಡಲಿಲ್ಲ. ಕಾರಣ ಮೊಲದ ಆ ಹಳೆಯ ಪ್ರಯೋಗದಲ್ಲೇ ಇದೆ.

ಹೊರಗೆ ತೆಗೆದ ತಕ್ಷಣ ಮಲಗಿಸುವ ರಾಸಾಯನಿಕ ನಿಲ್ಲುತ್ತದೆ. ಅಂಡಾಣುವಿನ ನ್ಯೂಕ್ಲಿಯಸ್ ಅವಸರದಲ್ಲಿ ಎದ್ದು ವಿಭಜನೆ ಮುಗಿಸಿಬಿಡುತ್ತದೆ. ಆದರೆ ಉಳಿದ ಭಾಗ, ಮುಂದಿನ ಭ್ರೂಣಕ್ಕೆ ಬೇಕಾದ ಸರಕೆಲ್ಲಾ ತುಂಬಿರಬೇಕಾದ ಒಳಗಿನ ದ್ರವ, ಇನ್ನೂ ತಯಾರಾಗಿರುವುದಿಲ್ಲ. ಶ್ರೀನಿವಾಸಪುರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾರ್ಬೈಡ್ ಹಾಕಿದ ಮಾವು ಹೊರಗೆ ಹಳದಿ, ಕೊಯ್ದರೆ ಓಟೆಯ ಸುತ್ತ ಹುಳಿ. ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ್ದು ನಿಧಾನ, ಆದರೆ ಒಳಗಿನಿಂದ ಮಾಗುತ್ತದೆ.

ಆ ಹುಲ್ಲನ್ನು ಒದಗಿಸುವ ಪ್ರಯತ್ನ ಎರಡು ದಾರಿಯಲ್ಲಿ ನಡೆದಿದೆ. ವಿಯೆಟ್ನಾಂ ಮತ್ತು ಬೆಲ್ಜಿಯಂನ ತಂಡಗಳು ಸಿಎನ್‌ಪಿ ಎಂಬ ವಸ್ತು ಕೊಟ್ಟು, ಅಂಡಾಣುವಿನ ಜೊತೆ ಬಂದ ಅದರದೇ ಕೋಶಗಳಿಂದ ‘ಇನ್ನೂ ಸ್ವಲ್ಪ ಮಲಗಿರು’ ಎಂದು ಹೇಳಿಸುತ್ತವೆ, ಆಮೇಲೆ ಮಾಗಿಸುತ್ತವೆ. ಗೆಮೆಟೊದ ಫರ್ಟಿಲೋ ಇನ್ನೊಂದು ದಾರಿ. ಸ್ಟೆಮ್‌ಸೆಲ್‌ನಿಂದ ಅಂಡಾಶಯದ ಸಹಾಯಕ ಕೋಶಗಳಂಥವನ್ನು ಬೆಳೆಸಿ, ಮಾಗದ ಅಂಡಾಣುವನ್ನು ಅವುಗಳ ಜೊತೆ ತಟ್ಟೆಯಲ್ಲಿ ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಇಡುತ್ತಾರೆ. ಇಂಜೆಕ್ಷನ್ ಸುಮಾರು 80% ಕಮ್ಮಿ, ಒಟ್ಟು ಮೂರು ದಿನ ಸಾಕು ಎಂದು ಕಂಪನಿ ಹೇಳುತ್ತದೆ.

ಡಿಎನ್‌ಎ ಯಾರದ್ದು?

ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ತಟ್ಟೆಯಲ್ಲಿದ್ದ ಸ್ಟೆಮ್‌ಸೆಲ್ ಕೋಶಗಳ ವಂಶವಾಹಿ ಮಗುವಿಗೆ ಬರುತ್ತದಾ? ಇಲ್ಲ. ಅವು ಸಿಪ್ಪೆಯ ಹೊರಗೇ ಇರುತ್ತವೆ, ಮಾಗಿದ ಮೇಲೆ ಅವುಗಳನ್ನು ತೊಳೆದುಹಾಕುತ್ತಾರೆ. ಮಗು ಆ ತಾಯಿಯ ಅಂಡಾಣು ಮತ್ತು ಆ ತಂದೆಯ ವೀರ್ಯಾಣುವಿನದ್ದೇ.

ಸುತ್ತಲಿನ ಕೋಶದ ಡಿಎನ್‌ಎ ಮರಿಗೆ ಹೋಗಬೇಕಾದರೆ ಕ್ಲೋನಿಂಗ್ ಮಾಡಬೇಕು. ಅದೂ ಆಗಿದೆ. 1997ರ ಅಕ್ಟೋಬರ್ 3ರಂದು ಹವಾಯಿಯ ಹೊನೊಲುಲುವಿನಲ್ಲಿ ಒಂದು ಇಲಿಮರಿ ಹುಟ್ಟಿತು, ಬೆಳೆದ ಪ್ರಾಣಿಯ ಕೋಶದಿಂದ ಮಾಡಿದ ಮೊದಲ ಕ್ಲೋನ್ ಇಲಿ. ಅದಕ್ಕೆ ನ್ಯೂಕ್ಲಿಯಸ್ ಕೊಟ್ಟದ್ದು ಒಂದು ಕ್ಯುಮುಲಸ್ ಕೋಶ. ಇಲಿಗೆ ಇಟ್ಟ ಹೆಸರೇ ಕ್ಯುಮುಲಿನಾ. ಲಿಮಾದಲ್ಲಿ ನಡೆದದ್ದಕ್ಕೂ ಇದಕ್ಕೂ ಅಜಗಜಾಂತರ.

ಯಾರ ವಾದ ಏನು

ಎಲ್ಲರಿಗೂ ಇಕ್ಸಿಯೇ ಮಾಡಿಬಿಡಿ ಅನ್ನುವ ಡಾಕ್ಟರುಗಳ ವಾದ ಸರಳ. ಸಾಮಾನ್ಯ ಐವಿಎಫ್‌ನಲ್ಲಿ ತಟ್ಟೆಯಲ್ಲಿ ಅಂಡಾಣು, ವೀರ್ಯಾಣು ಬಿಟ್ಟು ಕಾಯಬೇಕು. ಕೆಲವೊಮ್ಮೆ ಮಾರನೇ ದಿನ ಒಂದೂ ಸೇರಿರುವುದಿಲ್ಲ. ಲಕ್ಷಾಂತರ ರೂಪಾಯಿ ಹೋಗುತ್ತದೆ. ಗಂಡನ ವೀರ್ಯದಲ್ಲಿ ದೊಡ್ಡ ತೊಂದರೆ ಇದ್ದಾಗ ಈ ವಾದಕ್ಕೆ ಎದುರಿಲ್ಲ. ತೊಂದರೆ ಇಲ್ಲದವರಿಗೂ ಬೇಕಾ? ವಿಯೆಟ್ನಾಂನಲ್ಲಿ ಅಂಥ 1,064 ದಂಪತಿಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಗು ಹುಟ್ಟಿದ್ದು ಇಕ್ಸಿಯಲ್ಲಿ 35%, ಸಾಮಾನ್ಯ ಐವಿಎಫ್‌ನಲ್ಲಿ 31%. ಲೆಕ್ಕಶಾಸ್ತ್ರದ ಪ್ರಕಾರ ಇದು ಗಟ್ಟಿ ವ್ಯತ್ಯಾಸ ಅಲ್ಲ. ವೀರ್ಯದ ರಿಪೋರ್ಟ್ ಚೆನ್ನಾಗಿದ್ದೂ ಇಕ್ಸಿ ಅಂದರೆ ಕಾರಣ ಕೇಳುವುದರಲ್ಲಿ ತಪ್ಪಿಲ್ಲ.

ಐವಿಎಂ ವಿಷಯದಲ್ಲಿ ಹುಷಾರಾಗಿ ಮಾತಾಡುವವರ ಬಳಿಯೂ ಅಂಕಿ ಇದೆ. ಅದೇ ವಿಯೆಟ್ನಾಂನಲ್ಲಿ 546 ಮಹಿಳೆಯರನ್ನು ಎರಡು ಗುಂಪು ಮಾಡಿ ನೋಡಿದಾಗ ಮೊದಲ ಭ್ರೂಣ ಇಟ್ಟ ಮೇಲೆ ಮಗು ಹುಟ್ಟಿದ್ದು ಸಿಎನ್‌ಪಿ ಪದ್ಧತಿಯಲ್ಲಿ ಸುಮಾರು 35%, ಮಾಮೂಲಿ ಐವಿಎಫ್‌ನಲ್ಲಿ ಸುಮಾರು 43%. ಹುಲ್ಲು ಇನ್ನೂ ಮರಕ್ಕೆ ಸಮ ಆಗಿಲ್ಲ. ಆದರೆ ಇಂಜೆಕ್ಷನ್ ಕಾಟ ಇಲ್ಲ ಅನ್ನುವುದೂ ಸುಳ್ಳಲ್ಲ. ಫರ್ಟಿಲೋದ ಮಟ್ಟಿಗೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಆರಂಭದಲ್ಲಿ ಮೂರನೇ ಹಂತದ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ಮಗು ಹುಟ್ಟಿದ್ದು ಸಾಧ್ಯ ಅನ್ನುವುದನ್ನು ತೋರಿಸುತ್ತದೆ, ಎಷ್ಟು ಜನರಿಗೆ ಅನ್ನುವುದನ್ನು ತೋರಿಸುವುದಿಲ್ಲ. ಕಂಪನಿಯ ಉತ್ಸಾಹವನ್ನು ಸದ್ಯಕ್ಕೆ ಅಷ್ಟಕ್ಕೇ ತೂಗಬೇಕು.

ಕೋಲಾರದ ಹಸುವಿಗೆ ಇದು ಇನ್ನೂ ಹತ್ತಿರ

ವಿಚಿತ್ರ ಅಂದರೆ, ಮನುಷ್ಯರಲ್ಲಿ ಅಪರೂಪವಾದ ಐವಿಎಂ ಹಸುವಿನಲ್ಲಿ ಮಾಮೂಲಿ. ಒಳ್ಳೆ ತಳಿ ಹಸುವಿನ ಅಂಡಾಶಯದಿಂದ ಸ್ಕ್ಯಾನ್ ನೋಡಿಕೊಂಡು ಸೂಜಿಯಲ್ಲಿ ತೆಗೆಯುವುದು ಮಾಗದ ಅಂಡಾಣುಗಳನ್ನೇ. ಅವುಗಳನ್ನು 38.5 ಡಿಗ್ರಿಯಲ್ಲಿ 22ರಿಂದ 24 ಗಂಟೆ ತಟ್ಟೆಯಲ್ಲಿ ಮಾಗಿಸಿ, ಆಮೇಲೆ ವೀರ್ಯಾಣು ಬಿಡುತ್ತಾರೆ. ಇಕ್ಸಿ ಇಲ್ಲಿ ಓಡುವುದಿಲ್ಲ. ಹೋರಿಯ ವೀರ್ಯಾಣುವನ್ನು ಸುಮ್ನೆ ಚುಚ್ಚಿ ಬಿಟ್ಟರೆ ಹಸುವಿನ ಅಂಡಾಣು ಸರಿಯಾಗಿ ಚಾಲೂ ಆಗುವುದಿಲ್ಲ. ಆದ್ದರಿಂದ ಊಟದಿಂದ ಹಿಡಿದು ವೀರ್ಯಾಣು ಒಳಗೆ ಬಿಡುವ ತನಕ ಎಲ್ಲಾ ಕೆಲಸವನ್ನೂ ಸುತ್ತಲಿನ ಕೋಶಗಳೇ ಮಾಡಬೇಕು.

ಲ್ಯಾಬಿನಲ್ಲಿ ಮೊದಲು ಆಗುವ ಕೆಲಸ ವಿಂಗಡಣೆ. ಸೂಕ್ಷ್ಮದರ್ಶಕದ ಕೆಳಗೆ ತಟ್ಟೆ ಇಟ್ಟು ನೋಡುತ್ತಾರೆ. ನಾಲ್ಕೈದು ಸುತ್ತು ಕೋಶಗಳು ಒತ್ತಾಗಿ ಸುತ್ತಿಕೊಂಡಿದ್ದರೆ ಒಂದನೇ ದರ್ಜೆ. ಅಲ್ಲಲ್ಲಿ ಕಿತ್ತುಹೋಗಿದ್ದರೆ ಕೆಳದರ್ಜೆ. ಬೋಳು ಅಂಡಾಣು ಬಂದರೆ ಪಕ್ಕಕ್ಕೆ. ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಸುರಿದು ಆರಿಸುವ ಹಾಗೇ, ಕೈ ಮಾತ್ರ ಪಿಪೆಟ್ಟಿನ ಮೇಲೆ. ಇಷ್ಟು ಆರಿಸಿದರೂ ಏಳನೇ ದಿನ ಇಡಲು ಯೋಗ್ಯವಾದ ಭ್ರೂಣ ಸಿಗುವುದು ಮೂರು ಅಂಡಾಣುವಿಗೆ ಒಂದರ ಲೆಕ್ಕ. ಇಟ್ಟ ಮೇಲೆ ಬಾಡಿಗೆ ತಾಯಿ ಹಸು ಗಬ್ಬ ಕಟ್ಟುವುದು ಬೇರೆ ಲೆಕ್ಕ.

ದನಗಳ ತಳಿ ಸುಧಾರಣೆಗೆಂದು ಇರುವ ಕೇಂದ್ರದ ರಾಷ್ಟ್ರೀಯ ಗೋಕುಲ್ ಮಿಷನ್‌ನಲ್ಲಿ ಐವಿಎಫ್‌ನಿಂದ ಖಾತ್ರಿಯಾದ ಪ್ರತಿ ಗಬ್ಬಕ್ಕೆ 5,000 ರೂಪಾಯಿ ಸಹಾಯಧನ ಇರುವುದಕ್ಕೆ ಈ ಸೋರಿಕೆಯೇ ಒಂದು ಕಾರಣ ಅನ್ನಬಹುದು. 2025ರ ಮಾರ್ಚ್‌ನಲ್ಲಿ ಕೇಂದ್ರ ಈ ಮಿಷನ್ನಿನ ಒಟ್ಟು ಮೊತ್ತವನ್ನು 3,400 ಕೋಟಿಗೆ ಏರಿಸಿತು. ದುಡ್ಡು ಬಂತು, ಅಂಡಾಣುವಿನ ಕಷ್ಟ ಹಾಗೇ ಇದೆ.

ಬಿಸಿಲಿನ ಮಾತೂ ಇಲ್ಲೇ ಬರುತ್ತದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಹಸುವಿಗೆ ಏಪ್ರಿಲ್, ಮೇ ಬಿಸಿಲು ತಡೆಯುವುದಿಲ್ಲ. ಆ ಕಾವು ಅಂಡಾಣುವಿಗೂ ಸುತ್ತಲಿನ ಕೋಶಗಳಿಗೂ ತಟ್ಟುತ್ತದೆ. ಒಂದು ಫಾಲಿಕಲ್ ಬೆಳೆಯಲು ತಿಂಗಳುಗಳೇ ಬೇಕಾಗುವುದರಿಂದ ಬೇಸಿಗೆಯಲ್ಲಿ ಏಟು ತಿಂದ ಅಂಡಾಣು ಹೊರಗೆ ಬರುವುದು ಮಳೆ ಶುರುವಾದ ಮೇಲೆ. ‘ಈಗ ತಂಪಾಗಿದೆ, ಬೆದೆಗೂ ಬಂತು, ಆದರೂ ಗಬ್ಬ ಕಟ್ಟಲಿಲ್ಲ’ ಎಂದು ವೀರ್ಯದ ಮೇಲೆ ತಪ್ಪು ಹೊರಿಸುವ ಮೊದಲು ಮೇ ತಿಂಗಳಲ್ಲಿ ಕೊಟ್ಟಿಗೆ ಎಷ್ಟು ಕಾದಿತ್ತು ಎಂದು ನೆನಪಿಸಿಕೊಳ್ಳಬೇಕು.

ಮುಂದೆ ಏನಾಗಬಹುದು

ಫರ್ಟಿಲೋ ತರಹದ್ದು ನಮ್ಮಲ್ಲಿಗೆ ಬರಬೇಕಾದರೆ ದಾರಿ ಉದ್ದ. ಸ್ಟೆಮ್‌ಸೆಲ್‌ನಿಂದ ಮಾಡಿದ ಉತ್ಪನ್ನ 2019ರ ಔಷಧ ಪ್ರಯೋಗ ನಿಯಮಗಳಲ್ಲಿ ಹೊಸ ಔಷಧದ ಸಾಲಿಗೆ ಸೇರಿದೆ. ಅನುಮತಿ ಇಲ್ಲದೆ ಯಾವ ಕ್ಲಿನಿಕ್ಕೂ ತನ್ನಷ್ಟಕ್ಕೆ ತಾನೇ ಕೊಡುವಂತಿಲ್ಲ. ಬೋರ್ಡಿನಲ್ಲಿ ‘ಸ್ಟೆಮ್‌ಸೆಲ್ ಐವಿಎಫ್’ ಎಂದು ಕಂಡರೆ ಮೊದಲು ಕೇಳಬೇಕಾದದ್ದು ಆ ಅನುಮತಿಯನ್ನೇ.

ಐವಿಎಫ್‌ನಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಎಆರ್‌ಟಿ ಕಾಯ್ದೆಯಲ್ಲೂ ಒಂದು ತೊಡಕು ಇದೆ. ಅದರ ಪ್ರಕಾರ ದಾನಿ ಮಹಿಳೆ ಜೀವನದಲ್ಲಿ ಒಮ್ಮೆ ಮಾತ್ರ ಅಂಡಾಣು ಕೊಡಬಹುದು, ಏಳಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಮಾಗಿದ ಏಳು ಬೇರೆ, ಮಾಗದ ಏಳು ಬೇರೆ. ತಟ್ಟೆಯಲ್ಲಿ ಮಾಗಿಸುವಾಗ ಕೆಲವು ಉದುರಿಯೇ ಹೋಗುತ್ತವೆ. ಏಳರಲ್ಲಿ ನಾಲ್ಕೇ ಮಾಗಿದರೆ ಪಡೆಯುವ ದಂಪತಿಗೆ ಉಳಿಯುವುದು ಎಷ್ಟು? ಕಾಯ್ದೆ ಬರೆಯುವಾಗ ಈ ಪದ್ಧತಿ ಯಾರ ತಲೆಯಲ್ಲೂ ಇದ್ದಂತಿಲ್ಲ.

ಸಹಾಯಕ ಕೋಶಗಳ ತಂತ್ರ ನಿಜವಾಗಿಯೂ ಗೆದ್ದರೆ ಮೊದಲ ಲಾಭ ದೂರದ ಊರಿನವರಿಗೆ. ಈಗ ಚಿಂತಾಮಣಿಯಿಂದಲೋ ಬಾಗೇಪಲ್ಲಿಯಿಂದಲೋ ಬೆಂಗಳೂರಿಗೆ ಚಿಕಿತ್ಸೆಗೆ ಹೋಗುವವರು ಇಂಜೆಕ್ಷನ್ ಮತ್ತು ಸ್ಕ್ಯಾನಿಗೆಂದು ಹತ್ತು ಹನ್ನೆರಡು ದಿನ ಓಡಾಡಬೇಕು, ಇಲ್ಲವೇ ನೆಂಟರ ಮನೆಯಲ್ಲಿ ಉಳಿಯಬೇಕು, ಯಾಕೆ ಬಂದೆ ಅಂತ ಕೇಳಿದವರಿಗೆಲ್ಲಾ ಸುಳ್ಳು ಹೇಳಬೇಕು. ಮೂರು ದಿನ ಅಂದರೆ ಮದುವೆಗೆ ಹೋಗಿದ್ದೆ ಎಂದರೂ ನಡೆಯುತ್ತದೆ.